ಪದ ಬೇಕು: ನಾರ್ವೆಯ ‘ಗೋರ್ಸ್‌ನಾವ್ನ್’ ಕನ್ನಡದಲ್ಲಿ?

ಮಾನ್ಯರೆ,
ನಾರ್ವೆಯ ಚರ್ಚ್ ಪುಸ್ತಕ, ಜನಗಣತಿಗಳಲ್ಲಿ ಹಿರೀಕರನ್ನು ಹುಡುಕುವ ಕೈಪಿಡಿಯ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಗೋರ್ಸ್‌ನಾವ್ನ್’ ಬಂದಲ್ಲೆಲ್ಲ ಕರಡಿನಲ್ಲಿ ‘ಮನೆತನದ ಹೆಸರು’ ಎಂದಿದೆ. ಮಾದರಿ ನಮೂದು: ‘1865, ಊಲೆ ಹಾನ್ಸೆನ್ ಬಾಕೆನ್, ವಯಸ್ಸು 28, ಹುಸ್ಮನ್.’ 1875ರ ಗಣತಿಯಲ್ಲಿ ಈ ಬಾಕೆನ್ ಮನೆತನವೇ ಸಿಗುವುದಿಲ್ಲ ಎನ್ನುತ್ತದೆ ಕೈಪಿಡಿ. ಪದ ಸರಿಯೇ? ‘ಹುಸ್ಮನ್’ಗೂ ಒಂದು ಹೇಳಿ.
– ಸು.

---

ಸು. ಅವರೆ,
‘ಮನೆತನ’ ಖಂಡಿತ ಬೇಡ. ಗೋರ್ ಎಂದರೆ ಹೊಲಮನೆ ಸೇರಿದ ಹಿಡುವಳಿ, ನಾವ್ನ್ ಎಂದರೆ ಹೆಸರು. ಹಾನ್ಸೆನ್ ಎಂದರೆ ಹಾನ್ಸನ ಮಗ, ಅಷ್ಟೆ. ಊಲೆಯ ಮಗ ಊಲ್ಸೆನ್ ಆಗುತ್ತಾನೆ, ಮಗಳು ಊಲ್ಸ್‌ದಾತ್ತೆರ್. ಬಾಕೆನ್ ಆ ಹೊತ್ತಿಗೆ ಅವನಿದ್ದ ಜಾಗ. ಹೌಗೆನ್‌ಗೆ ಬಿಡಾರ ಎತ್ತಿದರೆ ಅವನೇ ಊಲೆ ಹಾನ್ಸೆನ್ ಹೌಗೆನ್. ಮನೆಅಳಿಯನಾಗಿ ಹೋದವನೂ ಹೆಂಡತಿಯ ಜಾಗದ ಹೆಸರನ್ನೇ ಹೊರುತ್ತಿದ್ದ. ಕುಟುಂಬಕ್ಕೊಂದು ನಿಂತ ಅಡ್ಡಹೆಸರು ಇರಬೇಕೆಂದು ಕಾನೂನಾದದ್ದು 1923ರಲ್ಲಿ. ಸಾಲದ್ದಕ್ಕೆ ಬಾಕೆನ್ ಎಂದರೆ ಇಳಿಜಾರು, ಹೌಗೆನ್ ಎಂದರೆ ದಿಬ್ಬ. ಇಂಥ ಹೆಸರಿನ ಜಾಗ ಅಲ್ಲಿ ಊರಿಗೊಂದು.

ವಯಸ್ಸನ್ನೂ ನೋಡಿಕೊಳ್ಳಿ. 1865ರ ಗಣತಿ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುತ್ತದೆ. 28 ಎಂದರೆ 28 ನಡೆಯುತ್ತಿದೆ ಎಂದು. ಹುಟ್ಟು 1837 ಅಲ್ಲ, 1838. 1875ರದ್ದು ನೇರ ಹುಟ್ಟಿದ ವರ್ಷವನ್ನೇ ಕೊಡುತ್ತದೆ, ಅದೂ ಹೇಳಿ ಬರೆಸಿದ್ದು. ಹಾಗಾಗಿ ನಾರ್ವೆಯ ಹಳೆ ದಾಖಲೆಗಳ ಅಂತರ್ಜಾಲ ತಾಣ ಡಿಜಿಟಾಲಾರ್ಕಿವೆಟ್‌ನಲ್ಲಿ ‘ಊಲೆ’, ‘ಹಾನ್ಸ್*’, ಹುಟ್ಟು 1836ರಿಂದ 1840, ಜೊತೆಗೆ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ) ಕೊಟ್ಟು, ಜಾಗದ ಖಾನೆ ಖಾಲಿ ಬಿಡಬೇಕು. ಮುಂದೆ ಯಾವ ಅಕ್ಷರವಿದ್ದರೂ ಸರಿ ಎನ್ನುವ ಆ ನಕ್ಷತ್ರ ಏಕೆಂದರೆ ಪಾದ್ರಿಯೊಬ್ಬ ಒಂದೇ ‘ಸ’ ಬರೆದರೆ ಇನ್ನೊಬ್ಬ ಎರಡು ಬರೆದಿರುತ್ತಾನೆ. ಹತ್ತು ಊಲೆಗಳು ಬಂದರೆ ಹೆಂಡತಿ ಮಕ್ಕಳ ಹೆಸರು ತಾಳೆ ಹಾಕಿ. ನಂತರ ಹುಟ್ಟಿದ ಪ್ಯಾರಿಷ್‌ನ 1852–54ರ ದೃಢೀಕರಣದ (ಹದಿಹರೆಯದಲ್ಲಿ ಚರ್ಚಿನಲ್ಲಿ ನಡೆಯುವ ಸಂಸ್ಕಾರ) ಪಟ್ಟಿ. ಅಲ್ಲಿ ಸಾಮಾನ್ಯವಾಗಿ ತಂದೆತಾಯಿಯ ಹೆಸರೂ ಹುಟ್ಟಿದ ದಿನವೂ ಸಿಗುತ್ತವೆ. ಪುಟ ಹಾಳಾಗಿದ್ದರೆ ಚರ್ಚ್ ಸೇವಕ ಬರೆದಿಟ್ಟ ಇನ್ನೊಂದು ಪ್ರತಿ, ಕ್ಲೊಕ್ಕೆರ್‌ಬೂಕ್, ನೋಡಿ. ಎರಡೂ ಒಂದೇ ಸೂರಿನಡಿ ಇರಬಾರದೆಂದು 1812ರಲ್ಲೇ ಆದೇಶವಾಗಿತ್ತು.

ಪದಕ್ಕೆ ‘ಜಾಗದ ಹೆಸರು’ ಸಾಕು.
– ವಿ.ಭ.

---

‘ಜಾಗ’ ಪಾರಸಿಯಿಂದ ಬಂದದ್ದು. ಗೋರ್‌ನ ಹಳೆಯ ರೂಪ ‘ಗರ್ದ್’, ಬೇಲಿ ಹಾಕಿದ ಆವರಣ. ಸಂಸ್ಕೃತದ ‘ಗೃಹ’ವೂ ಇದೇ ಬೇರಿನದು. ಆದ್ದರಿಂದ ‘ಗೃಹನಾಮ’ ಎಂಬುದು ಅನುವಾದವಲ್ಲ, ಸಹೋದರ ಪದ. ಬೇರೆ ಹುಡುಕುವ ಅಗತ್ಯವಿಲ್ಲ.
– ನಾ.ಶಾಸ್ತ್ರಿ

---

ಬೇರು ಒಂದಾದರೆ ಹಣ್ಣೂ ಒಂದೇನು? ‘ಗೃಹನಾಮ’ ಎಂದರೆ ಗೇಟಿಗೆ ತೂಗುಹಾಕಿದ ‘ಮಾತೃಕೃಪಾ’ ಫಲಕ ನೆನಪಾಗುತ್ತದೆ. ಬೇಲಿಯೇ ಮೂಲವಾದರೆ ನಮ್ಮಲ್ಲಿ ‘ದೊಡ್ಡಿ’ ಇದೆ, ‘ಹಟ್ಟಿ’ ಇದೆ. ಎರಡೂ ದನದ ಆವರಣದಿಂದ ಊರಿನ ಹೆಸರಿಗೆ ಬೆಳೆದವು. ‘ಹಟ್ಟಿಹೆಸರು’ ಎನ್ನಿ. ಸಂಸ್ಕೃತವೂ ಬೇಡ, ಪಾರಸಿಯೂ ಬೇಡ.
– ಕೆಂ.

---

ಹಟ್ಟಿಹೆಸರು! ಕರಾವಳಿಯಲ್ಲಿ ಹಟ್ಟಿ ಎಂದರೆ ಇವತ್ತಿಗೂ ದನದ ಕೊಟ್ಟಿಗೆ. ಊಲೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಬೇಡಿ.
ಬೇಕಾದ ಪದ ಅಲ್ಲೇ ಇದೆ. ದಕ್ಷಿಣ ಕನ್ನಡದ ಹವ್ಯಕರಲ್ಲಿ ‘ಮನೆ ಹೆಸರು’ ಎಂದರೆ ಇರುವ ತೋಟಮನೆಯ ಹೆಸರು. ಪಾಲಾಗಿ ಬೇರೆ ಕಡೆ ತೋಟ ಮಾಡಿದ ತಮ್ಮನಿಗೆ ಹೊಸ ಜಾಗದ ಹೆಸರು ಅಂಟುತ್ತದೆ. ಗೋರ್ಸ್‌ನಾವ್ನ್ ನಡೆದುಕೊಂಡದ್ದೂ ಹೀಗೆಯೇ. ಧಾರವಾಡದ ಕಡೆಯವರು ಮಾತ್ರ ಇದನ್ನು ಅಡ್ಡಹೆಸರೆಂದೇ ಓದಿಕೊಂಡಾರು, ಅಡಿಟಿಪ್ಪಣಿ ಇರಲಿ.

ಹುಸ್ಮನ್ ಗೇಣಿದಾರನಲ್ಲ, ಇಡೀ ಹಿಡುವಳಿಯನ್ನು ಗೇಣಿಗೆ ಹಿಡಿದವನು ‘ಲೈಲೆಂಡಿಂಗ್’. ಹುಸ್ಮನ್‌ಗೆ ಇನ್ನೊಬ್ಬರ ಹಿಡುವಳಿಯೊಳಗೆ ಒಂದು ಗುಡಿಸಲು, ಸಾಮಾನ್ಯವಾಗಿ ಒಂದು ತುಂಡು ನೆಲ, ಬದಲಿಗೆ ಒಡೆಯನ ಹೊಲದಲ್ಲಿ ದುಡಿಮೆ. ಚರ್ಚ್ ಪುಸ್ತಕದಲ್ಲಿ ‘ಬೆರ್ಗ್‌ಸೈಯೆ’ ಎಂದಿದ್ದರೆ ಬೆರ್ಗ್ ಎಂಬ ಹಿಡುವಳಿಗೆ ಸೇರಿದ ಬಿಡಾರ ಎಂದರ್ಥ. ಆ ಬಾಲ ಕಂಡರೆ ಹುಸ್ಮನ್ ಮನೆ ಎಂದು ತಿಳಿಯಬಹುದು. ‘ಬಿಡಾರದ ಒಕ್ಕಲು’ ಎನ್ನಿ.
– ಪು.

---

ಒಕ್ಕಲು ‘ಒಕ್ಕು’ ಧಾತುವಿನದು, ಕಾಳು ಒಕ್ಕುವವನು. ಊಲೆ ಒಕ್ಕಿದ್ದು ಒಡೆಯನ ಕಣದಲ್ಲಿ. ‘ಬಿಟ್ಟಿಯಾಳು’ ಸರಿ.
– ಕೆಂ.

---

‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಸಂಸ್ಕೃತ ಬೇಡವೆಂದವರಿಗೆ ತಿಳಿದಿರಲಿ.
– ನಾ.ಶಾಸ್ತ್ರಿ

---

ಬಿಟ್ಟಿಯೂ ಅಲ್ಲ, ಜೀತವೂ ಅಲ್ಲ, ಅವನಿಗೆ ಕರಾರಿತ್ತು. ಒಕ್ಕಲು ಎಂದರೆ ನೆಲೆ ನಿಂತವನು. ಇಲ್ಲದಿದ್ದರೆ ‘ಒಕ್ಕಲೆಬ್ಬಿಸು’ ಎಂಬ ಮಾತು ಎಲ್ಲಿಂದ ಬಂತು? ಕಣದಿಂದ ಎಬ್ಬಿಸುತ್ತಾರೆಯೇ?
ಸು. ಅವರೆ, ಬ್ಯಾಪ್ಟಿಸಂಗೆ ‘ಜ್ಞಾನಸ್ನಾನ’ ಎಂದು ಬರೆದಿದ್ದರೆ ‘ದೀಕ್ಷಾಸ್ನಾನ’ ಮಾಡಿ. ಮೊದಲನೆಯದು ಕೆಥೊಲಿಕರ ಮಾತು, ನಾರ್ವೆಯ ಇವರು ಲುಥೆರನ್, ಅಂದರೆ ಪ್ರಾಟೆಸ್ಟಂಟರು. ಅದೇ ನಮೂದಿನಲ್ಲಿ ಸಾಕ್ಷಿ ನಿಂತ ‘ಫಾದ್ದೆರ್’ಗಳ ಹೆಸರು ಬಿಡಬೇಡಿ. ಬಹುಪಾಲು ಅವರು ನೆಂಟರು ಇಲ್ಲವೆ ನೆರೆಯವರು. ಅವರ ಮನೆ ಹೆಸರು ಹಿಡಿದರೆ ತಾಯಿಯ ತವರು ಸಿಗುವುದುಂಟು.
– ಪು.

---

ಎಲ್ಲರಿಗೂ ನಮಸ್ಕಾರ. ಅಚ್ಚಿಗೆ ಹೋಗುತ್ತಿರುವುದು: ‘ಊಲೆ, ಹಾನ್ಸನ ಮಗ, ಆಗಿನ ಮನೆ ಹೆಸರು ಬಾಕೆನ್, 28 ನಡೆಯುತ್ತಿತ್ತು, ಬಿಡಾರದ ಒಕ್ಕಲು.’ ‘ಆಗಿನ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.
– ಸು.

---

‘ಅಚ್ಚು’ ಸರಿ. ‘ನಮಸ್ಕಾರ’ಕ್ಕೆ ಕನ್ನಡವಿಲ್ಲವೇ?
– ಕೆಂ.