ಅರ್ಜೆಂಟಾಗಿ ಪದ ಬೇಕು: ಜಪಾನಿನ ‘ಸಾಬಿಸು ಜಂಗ್ಯೋ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜಪಾನಿಗೆ ಕೆಲಸಕ್ಕೆ ಹೊರಟಿರೋ ನಮ್ಮ ಹುಡುಗರಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಸಂಜೆ ಪ್ರಿಂಟಿಗೆ ಹೋಗ್ಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 40, ಮೇಲಿನ ಓಟಿ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ ದಾಟಬಾರದು, ಇದೆಲ್ಲ ಸಲೀಸಾಗಿ ಬಂತು. ಸಿಕ್ಕಿಹಾಕ್ಕೊಂಡಿದ್ದು ‘ಸಾಬಿಸು ಜಂಗ್ಯೋ’ ಹತ್ರ. ಟೈಮ್ ಕಾರ್ಡ್ ಒತ್ತಿ ಮನೆಗೆ ಹೋದ ಹಾಗೆ ಲೆಕ್ಕ ತೋರಿಸಿ, ವಾಪಸ್ ಬಂದು ಕಾಸಿಲ್ಲದೆ ಮಾಡೋ ಕೆಲಸ ಅದು. ‘ಸೇವಾ ಅಧಿಕಾವಧಿ’ ಅಂತ ಹಾಕಿದ್ದೆ, ಓದಿದ ಹುಡುಗ ಒಬ್ಬ “ಇದು ಸರ್ವೀಸ್ ಸೆಂಟರಿನೋರಿಗಾ ಮೇಡಂ” ಅಂದ. ದಯವಿಟ್ಟು ಒಂದು ಪದ ಕೊಡಿ.

———

ಅಧಿಕಾವಧಿ ಅಂತ ಯಾವ ಫ್ಯಾಕ್ಟರಿಯಲ್ಲೂ ಯಾರೂ ಅನ್ನಲ್ಲ ಮೇಡಂ. ಜನ್ ಅಂದ್ರೆ ಉಳಿದದ್ದು, ಗ್ಯೋ ಅಂದ್ರೆ ಕೆಲಸ. ‘ಕೂಲಿಯಿಲ್ಲದ ಉಳಿಗೆಲಸ’ ಅನ್ನಿ. ಕೆಲಸಾನೂ ಉಳಿಯುತ್ತೆ, ಮಾಡೋನೂ ಅಲ್ಲೇ ಉಳೀತಾನೆ, ಒಂದೇ ಧಾತು ಎರಡಕ್ಕೂ ಒದಗುತ್ತೆ. ಓಟಿ ಮಾತ್ರ ಬೇಡ, ಇಂಗ್ಲಿಷ್ ತುರುಕೋ ಚಾಳಿ ಬಿಡೋಣ.

———

ಉಳಿಗೆಲಸ ಅಂದ್ರೆ ಬಡಗಿ ಉಳಿ ಹಿಡಿದು ಮಾಡೋ ಕೆಲಸ. ನಡೆಯಲ್ಲ.

ಬಾಯಲ್ಲೇ ಇರೋ ಪದ ಬಿಟ್ಟು ಯಾಕೆ ಹುಡುಕ್ತೀರಿ? ಬಿಟ್ಟಿ. ವಿಷ್ಟಿಯ ತದ್ಭವ, ಕೂಲಿ ಕೊಡದೆ ಬಲವಂತಕ್ಕೆ ಮಾಡಿಸ್ಕೊಳ್ಳೋ ದುಡಿಮೆ, ಆ ಬಲವಂತ ‘ಉಚಿತ’ದಲ್ಲೂ ಇಲ್ಲ ‘ಕೂಲಿಯಿಲ್ಲದ’ದಲ್ಲೂ ಇಲ್ಲ. ಇನ್ನು ಸಾಬಿಸು ಅನ್ನೋದೇ ಇಂಗ್ಲಿಷಿನ ಸರ್ವೀಸು, ಅಲ್ಲಿ ಅದಕ್ಕೆ ಪುಕ್ಕಟೆ ಅನ್ನೋ ಅರ್ಥ ಅಂಟಿಕೊಂಡಿದೆ, ಹೋಟೆಲಿನೋನು ಬಿಲ್ಲಿಗೆ ಸೇರಿಸದೆ ಒಂದು ಪ್ಲೇಟ್ ತಂದಿಟ್ರೂ ಅದು ಸಾಬಿಸುನೇ. ಜಂಗ್ಯೋದ ಎರಡು ತುಂಡೂ ಚೀನೀ ಮೂಲದ್ದು. ಅವರಿಗಿಲ್ಲದ ಮಡಿ ನಮಗ್ಯಾಕೆ? ರಜೆ, ಹಾಜರಿ ಎರಡೂ ಅರಬ್ಬಿಯಿಂದ ಬಂದವು, ತೆಗೆದುಹಾಕ್ತೀರಾ?

———

ರಜೆ ಬೇರೆ, ಓಟಿ ಬೇರೆ. ರಜೆಗೆ ನಮ್ಮ ವಿಭಕ್ತಿ ಹತ್ತಿ ನೂರಾರು ವರ್ಷ ಆಗಿದೆ. ಬಿಟ್ಟಿ ಬಗ್ಗೆಯೂ, ‘ಬಿಡು’ ಕಣ್ಣೆದುರಿಗಿರುವಾಗ ವಿಷ್ಟಿ ಯಾಕೆ ಬೇಕು ನಿಮಗೆ? ಎಲ್ಲಕ್ಕೂ ಸಂಸ್ಕೃತದ ಬೇರೇ ಕಾಣುತ್ತೆ.

———

ಓಟೀಗೆ, ಓಟೀಲಿ, ಓಟಿಯಿಂದ. ಹತ್ತಿದೆ ಸ್ವಾಮಿ. ಬಿಡು ಇಂದ ಬಿಟ್ಟ, ಬಿಟ್ಟು ಆಗುತ್ತೆ, ಕೂಲಿಯಿಲ್ಲದ ದುಡಿಮೆ ಅನ್ನೋ ಅರ್ಥ ಎಲ್ಲಿಂದ ತರ್ತೀರಿ?

———

‘ಬಿಟ್ಟಿ ಓಟಿ’ ಅಂತ ಹಾಕ್ತೀನಿ. ಅದೇ ಹುಡುಗನಿಗೆ ತೋರಿಸ್ದೆ, “ಪಂಚ್ ಮಾಡಿದ್ಮೇಲೂ ದುಡಿಸ್ಕೊಳ್ಳೋದು ತಾನೆ” ಅಂದ. ಕೊನೇದೊಂದು, ‘ಯೂಕ್ಯೂ’ಗೆ, ಅಂದ್ರೆ ಅಲ್ಲಿ ಸಂಬಳ ಕಟ್ ಆಗದೆ ಸಿಗೋ ರಜೆಗೆ, ಗಳಿಕೆ ರಜೆ ಅನ್ನಬಹುದಾ? ಆರು ತಿಂಗಳಾದ್ಮೇಲೆ 10 ದಿನ ಸಿಗುತ್ತೆ, ಬಳಸದಿದ್ರೆ 2 ವರ್ಷಕ್ಕೆ ಹೋಯ್ತು. ಜ್ವರ ಬಂದು ಮಲಗಿದ್ರೂ ಎಷ್ಟೋ ಜನ ಇದರಲ್ಲೇ ಕಳೀತಾರೆ.

———

ಬೇಡ ಮೇಡಂ, ಗಳಿಕೆ ರಜೆ ಅಂದ್ರೆ ಕೂಡಿಟ್ಟು ಕೊನೆಗೆ ದುಡ್ಡು ಮಾಡ್ಕೋಬಹುದು ಅಂತ ನಮ್ಮೋರು ತಿಳೀತಾರೆ. ‘ಸಂಬಳದ ರಜೆ’ ಸಾಕು.