ದೇವರಾಜ ಮಾರ್ಕೆಟ್ ಒಳಗಿನ ಅಂಗಳ ಯಾಕೆ ಹಂಗೆ ಕಟ್ಟಿದ್ರು? ನಮ್ಮ ಕೊಡಗಲ್ಲಿ ಅಂಥದ್ದು ಯಾಕಿಲ್ಲ?

ತೋಟದಮನೆ_ವಿರಾಜಪೇಟೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ದೇವರಾಜ ಮಾರ್ಕೆಟ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ಸಯ್ಯಾಜಿರಾವ್ ರೋಡಿಂದ ನೋಡಿದ್ರೆ ಬರೀ ಅಂಗಡಿ ಸಾಲು, ಒಳಗೆ ಅಷ್ಟು ದೊಡ್ಡ ಜಾಗ ಇದೆ ಅಂತ ಅನ್ಸೋದೇ ಇಲ್ಲ. ಕಮಾನು ದಾಟಿ ಒಳಗೆ ಹೋದ್ರೆ ಉದ್ದಕ್ಕೂ ಅಂಗಳ, ಹೂವು ಒಂದು ಕಡೆ, ಬಾಳೆಹಣ್ಣು ಒಂದು ಕಡೆ, ಕುಂಕುಮದ ರಾಶಿ ಇನ್ನೊಂದು ಕಡೆ, ಮೇಲೆ ಆಕಾಶ, ಏಪ್ರಿಲ್ ಬಿಸಿಲಲ್ಲೂ ಒಳಗೆ ಅಷ್ಟು ಸೆಕೆ ಆಗಲ್ಲ. ಯಾವಾಗ ಕಟ್ಟಿದ್ದು, ಯಾಕೆ ಈ ಥರ ಕಟ್ಟಿದ್ರು? ನಮ್ಮ ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆಲಿ ಸಂತೆ ಜೋರಾಗೇ ನಡೆಯುತ್ತೆ, ಆದ್ರೆ ಇಂಥ ಹಳೇ ಕಟ್ಟಡ ಒಂದೂ ಇಲ್ವಲ್ಲ, ಮಳೆ ಕಾರಣಾನಾ?

ಸೋಮವಾರಪೇಟೆಯವ_ಈಗ_ಮೈಸೂರು:
ಮೇಡಂ, ಹೆಸರು ಬಂದಿರೋದು ದೊಡ್ಡ ದೇವರಾಜ ಒಡೆಯರ್ ಅವರಿಂದ, ಅವರು ಆಳಿದ್ದು 1659ರಿಂದ 1673. ಕಟ್ಟಡ ಮಾತ್ರ ಅಷ್ಟು ಹಳೇದಲ್ಲ, ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾಗಿ ನಾಲ್ವಡಿಯವರ ಕಾಲದಲ್ಲಿ ಬೆಳೆದಿದ್ದು. ಪಕ್ಕದ ಚಿಕ್ಕ ಗಡಿಯಾರ ಗೋಪುರ 1886ರದ್ದು, ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಆ ಕಾಲದಲ್ಲಿ ದೊಡ್ಡ ಊರುಗಳಲ್ಲೆಲ್ಲ ರಸ್ತೆ ಮೇಲಿದ್ದ ವ್ಯಾಪಾರವನ್ನ ಗೋಡೆ ಒಳಗೆ ತರೋ ಕೆಲಸ ನಡೀತಿತ್ತು, ಮುಂಬೈನ ಕ್ರಾಫರ್ಡ್ ಮಾರ್ಕೆಟ್ 1869ರಲ್ಲೇ ಮುಗಿದಿತ್ತು. ಗೋಡೆ, ಬಾಗಿಲು ಇದ್ರೆ ಬಾಡಿಗೆ ವಸೂಲಿ ಸುಲಭ, ರಾತ್ರಿ ಬೀಗ ಹಾಕಬಹುದು, ಕಸ ತೊಳೆಯಬಹುದು. ದಸರಾ ಜಂಬೂ ಸವಾರಿ ಹೋಗೋದೂ ಸಯ್ಯಾಜಿರಾವ್ ರೋಡಲ್ಲೇ, ಅದಕ್ಕೆ ಹೊರಗಿನ ಮುಖ ನೀಟಾಗಿ ಒಂದೇ ಸಾಲು, ಗಲಾಟೆ ಎಲ್ಲ ಒಳಗೆ. ಹೊರಗಿನ ಅಂಗಡಿ ಸಾಲೇ ಒಳಗಿನ ಮಾರ್ಕೆಟ್‌ಗೆ ಕಾಂಪೌಂಡ್ ಆಗಿದೆ, ನಂಗೆ ಅದ್ರಲ್ಲಿ ತುಂಬಾ ಇಷ್ಟ ಆಗೋದು ಇದೇ.

ಗಾರೆ_ಕೆಲಸ_ಕುಶಾಲನಗರ:
ನಾನು ಸಿವಿಲ್ ಕೆಲಸದವನು, ಕಟ್ಟಡದ ಕಡೆಯಿಂದ ಹೇಳ್ತೀನಿ. ಹೂವು, ಸೊಪ್ಪು, ಹಣ್ಣು ಇವೆಲ್ಲ ಕಿತ್ತ ಮೇಲೂ ಉಸಿರಾಡ್ತಾನೇ ಇರ್ತವೆ, ರಾಶಿ ಹಾಕಿದ್ರೆ ಒಳಗೆ ಬಿಸಿ ಏಳುತ್ತೆ, ಮುಚ್ಚಿದ ಜಾಗದಲ್ಲಿ ಮಧ್ಯಾಹ್ನದೊಳಗೆ ಬಾಡಿ ಹೋಗುತ್ತೆ. ಅಂಗಳ ಇದ್ರೆ ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ನೆರಳಿರೋ ಕಮಾನು ಬಾಗಿಲಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ, ಕರೆಂಟೇ ಬೇಡ. ಜೊತೆಗೆ ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆ ಹಗಲ ಬಿಸಿಯನ್ನ ಅಷ್ಟು ಬೇಗ ಒಳಗೆ ಬಿಡಲ್ಲ. ಆ ಕಾಲದ ಮೈಸೂರು ಕಡೆ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಜಾಸ್ತಿ, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆಯನ್ನ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಸುಣ್ಣ ಮತ್ತೆ ಇಟ್ಟಿಗೆ ಚೂರು ಹಾಕಿ ಬಡಿದು ಗಟ್ಟಿ ಮಾಡೋದು. ಒಳ್ಳೆ ಕೆಲಸ, ಆದ್ರೆ ನೋಡ್ಕೊಳ್ಳಬೇಕು. ತಾರಸಿ ಸಂದಿಲಿ ಅರಳಿ ಗಿಡ ಹುಟ್ಟಿ ನೀರು ಇಳಿಯೋಕೆ ಶುರುವಾದ್ರೆ ಗೋಡೆ ಒಳಗಿರೋ ತೊಲೆಯ ತುದಿ ಕೊಳೆಯುತ್ತೆ, ಅದು ಹೊರಗೆ ಕಾಣಲ್ಲ. ಇನ್ನೊಂದು, ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಯೋದು, ಇದು ದಯವಿಟ್ಟು ಯಾರೂ ಮಾಡ್ಬೇಡಿ, ಗೋಡೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ದೆ ಇಟ್ಟಿಗೆ ಪುಡಿ ಪುಡಿ ಆಗುತ್ತೆ.

2012ರಲ್ಲಿ ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಸತ್ರು, 2016ರ ಆಗಸ್ಟಲ್ಲಿ ಮಾರ್ಕೆಟ್‌ದೇ ಉತ್ತರದ ಬಾಗಿಲು ಬಿತ್ತು, ಅದೂ ರಿಪೇರಿ ನಡೀತಿದ್ದಾಗ್ಲೇ. ಅವತ್ತಿಂದ ಕೆಡವೋದಾ ಉಳಿಸೋದಾ ಅಂತ ಜಗಳ. ಜನರ ಜೀವ ಮೊದಲು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಕೆಡವಿ ಹೊಸದು ಕಟ್ಟಿದ್ರೂ ಅಂಗಳ ಬಿಡ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರು ಕೆ.ಆರ್. ಮಾರ್ಕೆಟ್ ನೋಡಿ, 1921ರ ಹಳೇ ಕಟ್ಟಡದ ಹಿಂದೆ ಮಹಡಿ ಕಾಂಪ್ಲೆಕ್ಸ್ ಎಬ್ಬಿಸಿದ್ರು, ಸೊಪ್ಪು ತಗೊಳ್ಳೋಕೆ ಯಾರು ಮೆಟ್ಟಿಲು ಹತ್ತುತಾರೆ, ವ್ಯಾಪಾರ ಎಲ್ಲ ಕೆಳಗೆ ರೋಡಲ್ಲೇ.

ನಮ್ಮಲ್ಲಿ ಯಾಕಿಲ್ಲ ಅಂದ್ರೆ ಮಳೆ ಅಂತ್ಲೇ ನಂಗನ್ಸೋದು. ಮೈಸೂರಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಹತ್ತಿರ, ಮಡಿಕೇರಿಲಿ 3000 ದಾಟುತ್ತೆ.

ಹಳೇ_ಮಡಿಕೇರಿ:
ಮಳೆ ಒಂದೇ ಕಾರಣ ಅಂತ ನಾನು ಒಪ್ಪಲ್ಲ ತಮ್ಮಾ. ಅಷ್ಟೇ ಆಗಿದ್ರೆ ನಮ್ಮ ಐನ್‌ಮನೆಗಳಲ್ಲಿ, ಅಂದ್ರೆ ಕೊಡವ ಕುಟುಂಬಗಳ ಹಳೇ ಮೂಲಮನೆಗಳಲ್ಲಿ, ನಡುವೆ ತೊಟ್ಟಿ ಅಂತ ತೆರೆದ ಅಂಗಳ ಬಿಡ್ತಾನೇ ಇರ್ಲಿಲ್ಲ. ನಾಲ್ಕೂ ಕಡೆ ಸೂರಿನ ನೀರು ತೊಟ್ಟಿಗೇ ಬೀಳುತ್ತೆ, ಅಲ್ಲಿಂದ ಹೊರಗೆ ಹರಿದು ಹೋಗುತ್ತೆ, ಎಷ್ಟೋ ಮನೆಗಳು ಹಂಗೇ ತಲೆಮಾರು ದಾಟಿವೆ. ಮಡಿಕೇರಿ ಅರಮನೆಲೂ ನಡುವೆ ದೊಡ್ಡ ಅಂಗಳ, ಕಲ್ಲಿನ ಆಮೆ ಇರೋದು ಅಲ್ಲೇ. ಅಂಗಳ ಕಟ್ಟೋಕೆ ನಮ್ಮವರಿಗೆ ಬರ್ತಿತ್ತು.

ಮುಖ್ಯ ಕಾರಣ ಜನ ಇರೋ ರೀತಿ. ಕೊಡಗಲ್ಲಿ ಮನೆಗಳು ಒತ್ತೊತ್ತಾಗಿಲ್ಲ, ಅವರವರ ಗದ್ದೆ ತೋಟದ ಹತ್ರ ಒಂದೊಂದು ಮನೆ, ದಿನಾ ಪೇಟೆಗೆ ಬರೋರು ಯಾರು? ಗೋಡೆ ಕಟ್ಟಿ ಬಾಡಿಗೆ ಕೊಟ್ಟು ಕೂರೋಕೆ ದಿನಾ ಗಿರಾಕಿ ಬೇಕು. ಇಲ್ಲಿ ವ್ಯಾಪಾರಿಗಳೇ ಸುತ್ತಿದ್ರು. ಈಗ್ಲೂ ನೋಡಿ, ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಒಂದೇ ಸರಕಿಗೆ ವಾರದಲ್ಲಿ ಐದು ಊರು, ಹಂಗಾಗಿ ಮೈದಾನ, ಟಾರ್ಪಲ್ ಸಾಕಾಯ್ತು. ನಿಮ್ಮ ವಿರಾಜಪೇಟೆನೇ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ, ಬ್ರಿಟಿಷ್ ಜನರಲ್ ಅಬರ್‌ಕ್ರಾಂಬಿಯನ್ನ ಭೇಟಿ ಮಾಡಿದ ಜಾಗದಲ್ಲಿ. ಅಲ್ಲೂ ಅಂಗಡಿಗಳು ಬೀದಿ ಉದ್ದಕ್ಕೇ ಬೆಳೆದ್ವು, ಅಂಗಳದ ಸುತ್ತ ಅಲ್ಲ.

ತೋಟದಮನೆ_ವಿರಾಜಪೇಟೆ:
ಅಣ್ಣ, ಜನ ಇರೋ ರೀತಿಯಿಂದ ಹೀಗಾಯ್ತು ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಗಾರೆ ಕೆಲಸದ ಸರ್, ಸಿಮೆಂಟ್ ಹೊಡೆದಿರೋ ಗೋಡೆ ಯಾವುದು, ಸುಣ್ಣದ್ದು ಯಾವುದು ಅಂತ ನಮ್ಮಂಥವರಿಗೆ ಗೊತ್ತಾಗುತ್ತಾ? ಮುಂದಿನ ಸಲ ಹೋದಾಗ ನೋಡೋಣ ಅಂತ.

ಗಾರೆ_ಕೆಲಸ_ಕುಶಾಲನಗರ:
ಗೊತ್ತಾಗುತ್ತೆ ಮೇಡಂ. ಸುಣ್ಣದ್ದು ಬಿಳಿ ಅಥವಾ ಕೆನೆ ಬಣ್ಣ, ಮೂಲೆಗಳು ಸವೆದು ಮೆತ್ತಗಿರ್ತವೆ, ಉಗುರಲ್ಲಿ ಒತ್ತಿದ್ರೆ ಸ್ವಲ್ಪ ಪುಡಿ ಬರುತ್ತೆ. ಸಿಮೆಂಟ್ ಬೂದು, ಗಟ್ಟಿ, ಹಳೇ ಗೋಡೆ ಮೇಲಿದ್ರೆ ಪದರ ಪದರವಾಗಿ ಎದ್ದಿರುತ್ತೆ, ಬುಡದಲ್ಲಿ ಬಿಳಿ ಉಪ್ಪು ಹೂವು ಬಿಟ್ಟಂಗೆ ಕಾಣುತ್ತೆ. ಬೆಳಗ್ಗೆ ಹೂವಿನ ಲೋಡ್ ಇಳಿಸೋ ಹೊತ್ತಿಗೆ ಹೋಗಿ, ಅಂಗಳ ಹೆಂಗೆ ಕೆಲಸ ಮಾಡುತ್ತೆ ಅಂತ ಅವಾಗ್ಲೇ ಗೊತ್ತಾಗೋದು. ಬಿರುಕು ಬಿಟ್ಟಿರೋ ಕಮಾನಿನ ಕೆಳಗೆ ಮಾತ್ರ ನಿಲ್ಬೇಡಿ.