ಅಂಗಡಿ ಕಂಪ್ಯೂಟರ್: ಪಾಸ್‌ವರ್ಡ್ ಕ್ರೋಮ್‌ನಲ್ಲೇ ಇರಲಾ, ಬೇರೆ ಮ್ಯಾನೇಜರ್ ಬೇಕಾ?

ತುಮಕೂರು_ಆನ್‌ಲೈನ್:
ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ವಿಂಡೋಸ್ 11 ಇರೋ ಕಂಪ್ಯೂಟರ್ ಒಂದು, ಕೂರೋರು ಮೂವರು, ಲಾಗಿನ್ ಒಂದೇ, ಪಾಸ್‌ವರ್ಡೂ ಇಲ್ಲ ಪಿನ್ನೂ ಇಲ್ಲ. ಅಂಗಡಿಯ ಜಿಮೇಲ್, ಸೇವಾ ಸಿಂಧು, ಗ್ರಾಹಕರ ಜಿಎಸ್‌ಟಿ ಸೇರಿ 60 ಪಾಸ್‌ವರ್ಡ್ ಕ್ರೋಮ್‌ನಲ್ಲಿವೆ. ಬಿಟ್‌ವಾರ್ಡನ್ ಅನ್ನೋ ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹೋದರೆ ನಿಜಕ್ಕೂ ಏನು ಲಾಭ?

ಕೋಲಾರ_ಸಿಸ್ಟಮ್ಸ್:
ಸರ್, ಮೊದಲ ತೂತು ಕ್ರೋಮ್ ಅಲ್ಲ, ಆ ಲಾಗಿನ್. ನೀವು ಟೀಗೆ ಹೋದಾಗ ಯಾರಾದರೂ ಕೂತು ಕ್ರೋಮ್‌ನ ಪಾಸ್‌ವರ್ಡ್ ಪಟ್ಟಿ ತೆರೆದು ಕಣ್ಣಿನ ಗುರುತು ಒತ್ತಿದರೆ ಎಲ್ಲ ಹಾಗೇ ಕಾಣುತ್ತೆ. ವಿಂಡೋಸ್‌ಗೆ ಪಾಸ್‌ವರ್ಡ್ ಇದ್ದರೆ ತಾನೇ ಕ್ರೋಮ್ ಅದನ್ನು ಕೇಳೋದು! ಇವತ್ತೇ ಹಾಕಿ. ಎದ್ದಾಗಲೆಲ್ಲ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ.

ಕ್ರೋಮ್ ಪಾಸ್‌ವರ್ಡ್‌ಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿಯೇ ಇಡುತ್ತೆ. ಆದರೆ ಬೀಗದ ಕೀ ವಿಂಡೋಸ್ ಲಾಗಿನ್‌ಗೆ ಕಟ್ಟಿದ್ದು. ಅದೇ ಲಾಗಿನ್‌ನಲ್ಲಿ ಓಡುವ ಬೇರೆ ಪ್ರೋಗ್ರಾಂ ಕೇಳಿದರೂ ವಿಂಡೋಸ್ ಬಿಚ್ಚಿಕೊಡುತ್ತಿತ್ತು. ರೆಡ್‌ಲೈನ್, ಲುಮ್ಮಾ ತರಹದ ಕಳ್ಳ ಸಾಫ್ಟ್‌ವೇರ್ ಬದುಕಿದ್ದೇ ಇದರ ಮೇಲೆ. ಕ್ರ್ಯಾಕ್ ಮಾಡಿದ ಫೋಟೋಶಾಪ್ ಜೊತೆ ಒಳಗೆ ಬರುತ್ತೆ. 2024ರಲ್ಲಿ ಕ್ರೋಮ್ 127 ಬೀಗ ಬಿಗಿ ಮಾಡಿತು, ಮೊದಲು ಕುಕಿಗಳಿಗೆ (ಸೈಟ್‌ಗಳಲ್ಲಿ ನಿಮ್ಮ ಲಾಗಿನ್ ನೆನಪಿಡುವ ಸಣ್ಣ ಫೈಲ್‌ಗಳು). ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟಿದರು.

ಚಿಕ್ಕಬಳ್ಳಾಪುರ_ಬೀಗದಕೈ:
ಬಿಟ್‌ವಾರ್ಡನ್‌ನಲ್ಲಿ ಕೀ ಹುಟ್ಟೋದು ನಿಮ್ಮ ಮಾಸ್ಟರ್ ಪಾಸ್‌ವರ್ಡ್‌ನಿಂದ (ಉಳಿದೆಲ್ಲ ಪಾಸ್‌ವರ್ಡ್ ತೆರೆಯುವ ಒಂದೇ ಪಾಸ್‌ವರ್ಡ್), ವಿಂಡೋಸ್‌ನಿಂದಲ್ಲ. ಲಾಕ್ ಆಗಿದ್ದಾಗ ಫೈಲ್ ಕದ್ದೊಯ್ದರೂ ಒಂದೊಂದು ಊಹೆಗೆ 6 ಲಕ್ಷ ಸುತ್ತು ಲೆಕ್ಕ ಹಾಕಬೇಕು. ತೆರೆದಿದ್ದಾಗ ಮಾತ್ರ ಕಳ್ಳ ಸಾಫ್ಟ್‌ವೇರ್‌ಗೆ ಅದೂ ಸಿಗುತ್ತೆ, ಆದ್ದರಿಂದ ತಾನಾಗೇ ಲಾಕ್ ಆಗುವ ಟೈಮ್‌ಔಟ್ 5 ನಿಮಿಷಕ್ಕೆ ಇಡಿ.

ಸಾಗಿಸುವಾಗ ಎಡವೋದು ಎಕ್ಸ್‌ಪೋರ್ಟ್‌ನಲ್ಲಿ. ಕ್ರೋಮ್ ಕೊಡುವ ಸಿಎಸ್‌ವಿ ಫೈಲ್ ನೋಟ್‌ಪ್ಯಾಡ್‌ನಲ್ಲೇ ಓದಬಹುದು, 60 ಪಾಸ್‌ವರ್ಡೂ ಸಾಲಾಗಿ. ಒನ್‌ಡ್ರೈವ್‌ಗೆ ಸಿಂಕ್ ಆಗುವ ಫೋಲ್ಡರ್‌ಗೆ ಇಳಿಸಬೇಡಿ. ಇಂಪೋರ್ಟ್ ಮಾಡಿ, ನಾಲ್ಕೈದು ಲಾಗಿನ್ ಪರೀಕ್ಷಿಸಿ, ಆಮೇಲೆ ಫೈಲನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಿ. ಕ್ರೋಮ್‌ನಿಂದಲೂ ಅಳಿಸಿ, ಅಲ್ಲಿ ಸೇವ್ ಮಾಡಲು ಕೇಳೋದನ್ನು ಆಫ್ ಮಾಡಿ. ಇಲ್ಲದಿದ್ದರೆ ತಿಂಗಳೊಳಗೆ ಮತ್ತೆ ಎರಡೂ ಕಡೆ ತುಂಬಿರುತ್ತೆ.

ಕೋಲಾರ_ಸಿಸ್ಟಮ್ಸ್:
ಮ್ಯಾನೇಜರ್ ಅಂದಮಾತ್ರಕ್ಕೆ ನಿಶ್ಚಿಂತೆ ಅಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಇನ್ನೊಂದು ಮ್ಯಾನೇಜರ್‌ನಿಂದ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಇಡುವ ತಿಜೋರಿ) ಬ್ಯಾಕಪ್ಪೇ ಕಳುವಾಯಿತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ವೆಬ್ ವಿಳಾಸಗಳು ಆಗಿರಲಿಲ್ಲ. ಅಂಥ ಹೊತ್ತಲ್ಲಿ ಕಾಯೋದು ಮಾಸ್ಟರ್ ಪಾಸ್‌ವರ್ಡ್ ಒಂದೇ. ಸಂಬಂಧವಿಲ್ಲದ ಐದಾರು ಪದ ಆರಿಸಿ, ಗಾದೆ ಬೇಡ, ಊರ ಹೆಸರು ಬೇಡ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋದಾದರೆ ಕಾಗುಣಿತ ಗಟ್ಟಿ ಮಾಡಿಕೊಳ್ಳಿ: 'ಹುಣಸೆ'ಯ ಕೊನೆಗೆ ಹಾಕಿದ್ದು e ಅಕ್ಷರವೋ i ಅಕ್ಷರವೋ ಮರೆತರೆ ವಾಲ್ಟ್ ನಿಮಗೂ ತೆರೆಯಲ್ಲ, ಕಂಪನಿಯೂ ತೆರೆದುಕೊಡಲ್ಲ. ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ, ಎರಡು ಹಂತದ ಲಾಗಿನ್‌ನ ರಿಕವರಿ ಕೋಡ್ (ಎರಡನೇ ಹಂತ ಕೈಕೊಟ್ಟಾಗ ಬಳಸುವ ಕೋಡ್) ಜೊತೆಗೆ.

ತುಮಕೂರು_ಆನ್‌ಲೈನ್:
ಮೂವರೂ ಬಳಸೋದು ಹೇಗೆ ಸರ್?

ಚಿಕ್ಕಬಳ್ಳಾಪುರ_ಬೀಗದಕೈ:
ವಿಂಡೋಸ್‌ನಲ್ಲಿ ಮೂವರಿಗೂ ಬೇರೆ ಬೇರೆ ಖಾತೆ ಮಾಡಿ, ಅಡ್ಮಿನ್ ನಿಮ್ಮದೊಂದೇ ಇರಲಿ. ಬಿಟ್‌ವಾರ್ಡನ್ ಉಚಿತ ಯೋಜನೆಯಲ್ಲಿ ಹಂಚಿಕೊಳ್ಳೋಕೆ ಇಬ್ಬರಿಗೆ ಮಾತ್ರ ಅವಕಾಶ. ಫ್ಯಾಮಿಲೀಸ್ ಯೋಜನೆಗೆ ದುಡ್ಡು ಕೊಟ್ಟರೆ 6 ಜನ. ಆದರೆ ಗ್ರಾಹಕರ ಜಿಎಸ್‌ಟಿ ಪಾಸ್‌ವರ್ಡ್ ಎಲ್ಲಿಗೂ ಸಾಗಿಸಬೇಡಿ, ಅಳಿಸಿಬಿಡಿ. ಅದು ಅವರ ಸೊತ್ತು. ಅವರು ಬಂದು ಕೂತಾಗ ಅವರೇ ಹೊಡೆಯಲಿ.